ಲೀಲಕ್ಕನ ಲೋಲಕ

ಲೀಲಕ್ಕನನ್ನು ಹೊಗಳಿ ಗೆದ್ದವರಿಲ್ಲ. ಸ್ಟಾಕ್‌ಹೋಮಿನ ಪಕ್ಕದ ಸೋಲ್ನಾದಲ್ಲಿ ನಮ್ಮ ಮನೆಯ ಕೆಳಗಿನ ಮಹಡಿಯಲ್ಲೇ ಅವಳ ಮನೆ. ಅಲ್ಲಿ ಹೋಳಿಗೆ ತಿಂದು ಚೆನ್ನಾಗಿದೆ ಅಂದರೆ, "ಏನ್ ಚೆನ್ನಾಗಿದ್ಯೋ, ಹೂರಣ ಗಟ್ಟಿಯಾಯ್ತು" ಅನ್ನುತ್ತಾಳೆ. ಸೀರೆ ಚೆನ್ನಾಗಿದೆ ಅಂದರೆ ಹಳೇದು ಕಣೇ ಅನ್ನುತ್ತಾಳೆ. ನಾವು ಕನ್ನಡದವರು, ಆ ಮಾತಿಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಸುಮ್ಮನಾಗುತ್ತೇವೆ. ಸ್ವೀಡನ್ನಿನವರಿಗೆ ಇದನ್ನೆಲ್ಲ ಯಾರು ಹೇಳಿಕೊಡಬೇಕು? ಅವಳ ಈ ಒಂದು ಅಭ್ಯಾಸದಿಂದ ಒಬ್ಬ ಮನುಷ್ಯನ ಕತ್ತು ಮುರಿಯುವುದರಲ್ಲಿತ್ತು. ಕಣ್ಣಾರೆ ಕಂಡವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಲೀಲಾವತಿ ಹಾಸನದ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ವಿಭಾಗದ ಲೆಕ್ಚರರ್ ಆಗಿದ್ದವಳು. ಲೇತ್ ಯಂತ್ರದ ಮುಂದೆ ನಿಂತು ಹುಡುಗರಿಗೆ ಬೈದು ಕೆಲಸ ಕಲಿಸಿದವಳು. ಗಂಡ ಶಂಕರ ಅವರಿಗೆ ಟೆಲಿಕಾಂ ಕಂಪನಿಯಲ್ಲಿ ಕೆಲಸ ಸಿಕ್ಕಿ 2004ರಲ್ಲಿ ಇಲ್ಲಿಗೆ ಬಂದ ಮೇಲೆ ಅವಳ ಪಾಲಿಗೆ ಉಳಿದದ್ದು ಅಡುಗೆಮನೆ, ಕಿಟಕಿ ಮತ್ತು ಸ್ವೀಡಿಷ್ ತರಗತಿ. ಕೆಲಸಕ್ಕೆ ಅರ್ಜಿ ಹಾಕಿದಲ್ಲೆಲ್ಲ ನಗುನಗುತ್ತ ಮಾತಾಡಿಸಿದರು, ಭಾಷೆ ಇನ್ನಷ್ಟು ಬರಲಿ ಅಂದರು. ನನಗಾಗಿದ್ದರೆ ಮೈ ಉರಿದುಹೋಗುತ್ತಿತ್ತು. ಅವಳು ಮಾತ್ರ ಹಲ್ಲುಕಚ್ಚಿಕೊಂಡು ಕ್ರಿಯಾಪದ ಉರುಹೊಡೆಯುತ್ತಿದ್ದಳು.

ಈ ದೇಶದಲ್ಲಿ ನಾಲ್ಕು ಜನ ಸೇರಿದರೆ ಒಂದು ಅಧ್ಯಯನ ಕೂಟ ಕಟ್ಟುತ್ತಾರೆ. ಅಣಬೆ ಗುರುತಿಸುವುದಕ್ಕೊಂದು, ಕಾಲುಚೀಲ ಹೆಣೆಯುವುದಕ್ಕೊಂದು. ಭಾಷೆ ಕಲಿಯಲು ಅಂಥದ್ದೊಂದಕ್ಕೆ ಸೇರಿಕೋ ಎಂದು ಸ್ವೀಡಿಷ್ ಮೇಷ್ಟ್ರು ಹೇಳಿದರು. ಗ್ರಂಥಾಲಯದ ಬೋರ್ಡಿನ ಮೇಲಿದ್ದ ಚೀಟಿಗಳಲ್ಲಿ ಲೀಲಕ್ಕನಿಗೆ ಪೂರ್ತಿ ಅರ್ಥವಾದದ್ದು ಒಂದೇ. ಅದರಲ್ಲಿ ಅಕ್ಷರ ಕಡಿಮೆಯಿತ್ತು, ಒಂದು ಯಂತ್ರದ ಚಿತ್ರವಿತ್ತು. ನಗರದಿಂದ ಒಂದು ತಾಸು ದೂರದಲ್ಲಿ, ಹುಲ್ಲಿನ ಮೈದಾನವೊಂದರ ಪಕ್ಕದ ಶೆಡ್ಡಿನಲ್ಲಿ ಕೆಲವರು ಸೇರಿ ನೂರು ವರ್ಷ ಹಿಂದಿನ ಮಾದರಿಯ ವಿಮಾನವೊಂದನ್ನು ಕಟ್ಟುತ್ತಿದ್ದರು. ಅವಳು ಅಲ್ಲಿಗೆ ಸೇರಿದಳು. ಅವಳಿಗೆ ಕಾರು ಬರುವುದಿಲ್ಲ, ಹಾಗಾಗಿ ಪ್ರತಿ ಶನಿವಾರ ನನ್ನ ಹಳೇ ವೋಲ್ವೋ ಕೂಡ ಸೇರಿತು.

ಅದರ ನಕ್ಷೆ ಬರೆದವನು ಯಾರೋ ಹೆಸರು ಮರೆತುಹೋದ ಗಡಿಯಾರ ರಿಪೇರಿಯವನು. ಆ ಕಾಲದ ವಿಮಾನಗಳ ಕಷ್ಟವೆಂದರೆ ಅವಕ್ಕೆ ಸಮತೋಲ ಎಂಬುದೇ ಇರಲಿಲ್ಲ. ಒಂದು ಬೀಸುಗಾಳಿ ಬಂದರೆ ಮೂತಿ ಮೇಲೇಳುತ್ತಿತ್ತು, ಇಲ್ಲವೇ ರೆಕ್ಕೆ ವಾಲುತ್ತಿತ್ತು. ಓಡಿಸುವವನು ಉಸಿರು ಬಿಡದೆ ತಿದ್ದುತ್ತಲೇ ಇರಬೇಕು. ವಿಮಾನವೇ ತನ್ನನ್ನು ತಾನು ನೇರ ಮಾಡಿಕೊಳ್ಳಲಿ ಎಂದು ಒಬ್ಬರು ರೆಕ್ಕೆಗಳನ್ನು ಮೇಲಕ್ಕೆ ಬಾಗಿಸಿ ನೋಡಿದರು, ಇನ್ನೊಬ್ಬರು ಬುಗುರಿಯಂತೆ ತಿರುಗುವ ಚಕ್ರ ಕೂರಿಸಿದರು. ನಮ್ಮ ಗಡಿಯಾರದವನು ತನಗೆ ಗೊತ್ತಿದ್ದ ಲೋಲಕವನ್ನೇ ನೆಚ್ಚಿಕೊಂಡ. ಓಡಿಸುವವನ ಸೀಟಿನ ಕೆಳಗೆ ಒಂದು ಭಾರವಾದ ಸೀಸದ ಗುಂಡು ತೂಗುತ್ತದೆ. ಮೂತಿ ಮೇಲೆದ್ದರೆ ಗುಂಡು ಬಾಲದ ಕಡೆಗೆ ಸರಿಯುತ್ತದೆ. ಅದಕ್ಕೆ ಜೋಡಿಸಿದ ಸರಳು ಬಾಲದ ರೆಕ್ಕೆಯನ್ನು ಕೆಳಕ್ಕೆ ಮಡಚುತ್ತದೆ, ಅದಕ್ಕೆ ಗಾಳಿ ಬಡಿದು ಬಾಲ ಏಳುತ್ತದೆ, ಮೂತಿ ತಾನಾಗಿ ಇಳಿಯುತ್ತದೆ. ಓಡಿಸುವವನ ಹಿಡಿಕೆಯೂ ಅದೇ ಸರಳಿಗೆ ಸೇರಿದೆ, ಆದರೆ ಯಾರ ಕೈಯೂ ಬೇಕಿಲ್ಲ.

ಆ ಲೋಲಕವನ್ನು ಮಾಡಿಕೊಡುವ ಕೆಲಸ ಲೀಲಕ್ಕನದಾಯಿತು. ಎರಡು ಚಳಿಗಾಲ ಅವಳು ಅದರಲ್ಲೇ ಮುಳುಗಿದ್ದಳು. ಶೆಡ್ಡಿನಲ್ಲಿ ಕೈಬೆರಳು ಸೆಟೆದುಕೊಳ್ಳುವಂಥ ಚಳಿ. ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಶಂಕರ ಅವರ ಜಾಕೆಟ್ಟು, ತಲೆಗೆ ಮಫ್ಲರ್ ಸುತ್ತಿಕೊಂಡು ಅವಳು ಸರಳುಗಳು ಕೂತು ತಿರುಗುವ ಹಿತ್ತಾಳೆಯ ಬುಷ್‌ಗಳನ್ನು ಕೊರೆಯುತ್ತಿದ್ದಳು. ನಾನು ಹೀಟರ್ ಪಕ್ಕ ಕುಳಿತು ಗೊಣಗುತ್ತಿದ್ದೆ. ಕೆಲಸ ಮುಗಿದು ಚೌಕಟ್ಟಿನ ಮೂತಿಯನ್ನು ನಾಲ್ವರು ಎತ್ತಿ ಹಿಡಿದ ದಿನ ಗುಂಡು ಮೆಲ್ಲಗೆ ಹಿಂದೆ ಸರಿಯಿತು, ಬಾಲದ ರೆಕ್ಕೆ ಚೂರೂ ಸದ್ದಿಲ್ಲದೆ ಕೆಳಕ್ಕೆ ಮಡಚಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೂಟದ ಅಧ್ಯಕ್ಷೆ ಇಂಗ್ರಿಡ್, ನಿವೃತ್ತ ಟೀಚರ್, ಲೀಲಕ್ಕನನ್ನು ತಬ್ಬಿಕೊಂಡು ಅದ್ಭುತ ಅಂದರು. ಲೀಲಕ್ಕ, "ಇಲ್ಲ ಇಲ್ಲ, ಏನೂ ಚೆನ್ನಾಗಿಲ್ಲ" ಅಂದಳು. ಅಭ್ಯಾಸ ಎಲ್ಲಿ ಬಿಡುತ್ತದೆ? ಆದರೆ ಮನೆಗೆ ಬರುವಾಗ ಕಾರಿನಲ್ಲಿ ಹಾಡು ಗುನುಗುತ್ತಿದ್ದಳು. ಈ ಊರಿಗೆ ಬಂದ ಮೇಲೆ ಅವಳು ಶಂಕರ ಅವರ ಹೆಂಡತಿ ಮಾತ್ರ ಆಗಿದ್ದಳು. ಶೆಡ್ಡಿನಲ್ಲಿ ಅವಳು ಲೋಲಕ ಮಾಡಿದ ಲೀಲಾ. ಬೇಸಿಗೆಯಲ್ಲಿ ಅದು ಜನರೆದುರು ಆಕಾಶಕ್ಕೇರುವುದಿತ್ತು.

ಹಾರಿಸಬೇಕಾದವರು ಬರ್ಟಿಲ್. ಎಪ್ಪತ್ತು ದಾಟಿದ ಹಳೇ ಪೈಲಟ್, ಮಾತು ಕಡಿಮೆ, ದಾಲ್ಚಿನ್ನಿ ಬನ್ನಿನ ಮೇಲೆ ವಿಪರೀತ ಪ್ರೀತಿ. ಮೈದಾನದ ಮೇಲೆಯೇ, ಮನೆಯೆತ್ತರಕ್ಕೆ, ನೆಟ್ಟಗೆ ಒಂದು ಸಲ ಹಾರಿ ಇಳಿಯಲು ಅವರಿಗೆ ಅನುಮತಿ ಸಿಕ್ಕಿತ್ತು.

ಏಪ್ರಿಲ್‌ನ ಒಂದು ಶನಿವಾರ ನಾವು ಶೆಡ್ಡಿಗೆ ಹೊರಟಿದ್ದೆವು. ನನ್ನ ಕಾರಿನ ಕನ್ನಡಿಗೆ ಅಮ್ಮ ಕಳಿಸಿದ ಪುಟ್ಟ ಆಂಜನೇಯ ನೇತಾಡುತ್ತಾನೆ. ಸಿಗ್ನಲ್ ಹಸಿರಾಯಿತು, ನಾನು ರೊಯ್ಯನೆ ಹೊರಟೆ. ಲೀಲಕ್ಕ ನನ್ನ ತೋಳು ಹಿಡಿದಳು.

"ಗೀತಾ, ನಿಲ್ಸು."

"ಇಲ್ಲೇನಾ? ಹಿಂದೆ ಕಾರಿದೆ ಲೀಲಕ್ಕ."

"ಸೈಡಿಗೆ ಹಾಕಿ ನಿಲ್ಸೇ. ಮತ್ತೆ ಹೊರಡು. ಜೋರಾಗಿ."

ನಾನು ನಿಲ್ಲಿಸಿದೆ, ಹೊರಟೆ, ಮತ್ತೆ ನಿಲ್ಲಿಸಿದೆ. ಹಾರ್ನ್ ಹೊಡೆಯುವುದೇ ಮಹಾಪಾಪ ಎನ್ನುವ ಈ ಊರಿನಲ್ಲೂ ಒಬ್ಬ ಹಾರ್ನ್ ಹೊಡೆದ. ಲೀಲಕ್ಕ ಆಂಜನೇಯನನ್ನೇ ನೋಡುತ್ತಿದ್ದಳು. ಕಾರು ಮುಂದಕ್ಕೆ ಚಿಮ್ಮಿದಾಗಲೆಲ್ಲ ಅವನು ಹಿಂದಕ್ಕೆ ವಾಲುತ್ತಿದ್ದ.

"ರಸ್ತೆ ಸಮ ಇದೆ ಅಲ್ವೇನೇ? ಕಾರಿನ ಮೂತಿ ಮೇಲೆದ್ದಿಲ್ಲ. ಆದ್ರೂ ಇವ್ನು ಹಿಂದೆ ಹೋದ."

"ಹೂಂ, ಎಲ್ರಿಗೂ ಗೊತ್ತಿರೋದೇ ತಾನೇ?"

"ನಂಗೂ ಗೊತ್ತಿತ್ತು. ಅದೇ ನೋಡು ಕರ್ಮ. ಇಷ್ಟು ದಿನ ಅದನ್ನ ನಿಂತ ಜಾಗದಲ್ಲೇ ಟೆಸ್ಟ್ ಮಾಡಿದ್ವಿ. ವಿಮಾನ ಓಡುತ್ತಲ್ಲೇ, ಹಾರೋಕ್ ಮುಂಚೆ ಜೋರಾಗಿ ಓಡುತ್ತೆ. ಗುಂಡು ಹಿಂದೆ ಹೋಗುತ್ತೆ. ಮೂತಿ ಮೇಲಿದೆ ಅಂದ್ಕೊಂಡು ನನ್ನ ಲೋಲಕ ಕೆಳಗೆ ತಳ್ಳುತ್ತೆ. ನೆಲದಿಂದ ಎದ್ದಿರ್ತಾರೆ ಅಷ್ಟೇ, ಆಗ ಮೂತಿ ಕೆಳಗೆ ಹಾಕಿದ್ರೆ ಆ ಮುದುಕಪ್ಪನ ಗತಿ ಏನು?"

ಅವತ್ತೇ ಶೆಡ್ಡಿನಲ್ಲಿ, ಎಲ್ಲರೂ ಕಾಫಿಗೆ ಕುಳಿತಿದ್ದಾಗ, ಲೀಲಕ್ಕ ಎದ್ದು ನಿಂತಳು. ತನಗೆ ಬಂದ ಸ್ವೀಡಿಷ್‌ನಲ್ಲಿ ಹೇಳಿದಳು: "ನಾನು ಮಾಡಿದ ಲೋಲಕ ಚೆನ್ನಾಗಿಲ್ಲ. ಅದು ಬೇಡ."

ಎಲ್ಲರೂ ನಕ್ಕರು. ಪ್ರೀತಿಯ ನಗು, ಅದೇ ತೊಂದರೆ. ಇಂಗ್ರಿಡ್ ಅವಳ ಬೆನ್ನು ಸವರಿ, "ಲೀಲಾ, ನೀನು ಯಾವಾಗಲೂ ಹೀಗೇ ಹೇಳುತ್ತೀಯ. ನಿನ್ನ ಕೆಲಸದ ಬಗ್ಗೆ ನಿನಗೆ ಹೆಮ್ಮೆ ಇರಬೇಕು" ಅಂದರು. ಲೀಲಕ್ಕ ಮತ್ತೊಮ್ಮೆ ಹೇಳಿದಳು. ಚಾಕ್ ಹಿಡಿದು ಬೋರ್ಡಿನ ಮೇಲೆ ಬರೆದಳು. ಅವಸರದಲ್ಲಿ ಸ್ವೀಡಿಷ್ ಕೈಕೊಟ್ಟಿತು, ನಡುನಡುವೆ ಇಂಗ್ಲಿಷ್ ಬಂತು, ಒಂದು ಕಡೆ ಕನ್ನಡವೂ ಬಂತು. ಕೂಟದವರು ಕುತೂಹಲಕರ, ಯೋಚನೆ ಮಾಡೋಣ ಅಂದರು. ಈ ದೇಶದಲ್ಲಿ ಯೋಚನೆ ಮಾಡೋಣ ಅಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಬರ್ಟಿಲ್ ಬನ್ನಿನ ಸಕ್ಕರೆ ಒರೆಸಿಕೊಳ್ಳುತ್ತ, "ನನ್ನ ಕೈಯಲ್ಲಿ ಹಿಡಿಕೆ ಇರುತ್ತದಲ್ಲ, ಹೆಚ್ಚುಕಡಿಮೆಯಾದರೆ ಎಳೆದುಕೊಳ್ಳುತ್ತೇನೆ" ಅಂದರು. ಎರಡು ವರ್ಷ ಹೊಗಳಿಕೆ ಬಂದಾಗಲೆಲ್ಲ ಚೆನ್ನಾಗಿಲ್ಲ ಅಂದವಳು, ನಿಜವಾಗಿ ಚೆನ್ನಾಗಿಲ್ಲ ಅಂದಾಗ ಒಬ್ಬರೂ ನಂಬಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಅವಳ ಮೇಲೆ ಇನ್ನೂ ಹೆಚ್ಚು ಬಂತು.

ಸಂಜೆ ಅವಳ ಮನೆಯಲ್ಲಿ ಶಂಕರ ಅವರು ಸಮಾಧಾನದ ಮಾತಾಡಿದರು. "ಬಿಡೇ ಲೀಲಾ, ಅವ್ರೇ ಓಕೆ ಅಂದ್ಮೇಲೆ ನಿಂದೇನು? ಟೂ ಇಯರ್ಸ್ ಕಷ್ಟಪಟ್ಟಿದೀಯ. ನಿನ್ನ ಕೆಲ್ಸಾನ ನೀನೇ ಹಾಳ್ಮಾಡ್ಕೊಳ್ಳೋದಾ?"

"ಅವ್ರು ಓಕೆ ಅಂದಿದ್ದು ನಂಗೆ ಬೇಜಾರಾಗ್ಬಾರ್ದು ಅಂತ ಕಣ್ರೀ. ನೆಲಕ್ಕೆ ಆ ದಾಕ್ಷಿಣ್ಯ ಎಲ್ಲಿರುತ್ತೆ?"

"ಮತ್ತೇನ್ ಮಾಡ್ತೀಯ?"

"ಹೇಳೋದು ಆಯ್ತು. ತೋರಿಸ್ತೀನಿ."

ಮುಂದಿನ ಶನಿವಾರದ ತನಕ ಅವಳು ಸರಿಯಾಗಿ ಊಟ ಮಾಡಲಿಲ್ಲ. ಇಂಗ್ರಿಡ್‌ಗೆ ಫೋನ್ ಮಾಡಿ, ಇನ್ನೊಂದು ಪರೀಕ್ಷೆ ಇದೆ, ಟ್ರೇಲರ್ ಬೇಕು, ಬರ್ಟಿಲ್ ಬರಲೇಬೇಕು ಅಂದಳು. ದಯವಿಟ್ಟು ಅನ್ನಲಿಲ್ಲ. ಸ್ವೀಡನ್ನಿನವರ ಹತ್ತಿರ ಏನಾದರೂ ಬೇಕೆನ್ನುವಾಗ ಅವಳು ಆ ಪದ ಬಿಟ್ಟದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಲೋಲಕವನ್ನು ಅದರ ಚೌಕಟ್ಟು, ಸೀಟು, ಹಿಡಿಕೆ ಸಮೇತ ಬಿಚ್ಚಿ ಟ್ರೇಲರ್ ಮೇಲೆ ಬಿಗಿದರು. ಬಾಲದ ರೆಕ್ಕೆಯ ಬದಲು ಪ್ಲೈವುಡ್ ಹಲಗೆಯೊಂದನ್ನು ಹಿಂದೆ ಸರಳಿಗೆ ಜೋಡಿಸಿದರು. ಅದನ್ನೆಲ್ಲ ನನ್ನ ವೋಲ್ವೋ ಹಿಂದೆ ಕಟ್ಟಿ ಮೈದಾನದ ಒಂದು ತುದಿಗೆ ತಂದೆವು. ಬರ್ಟಿಲ್ ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಸೀಟಿನಲ್ಲಿ ಕೂತರು. ಅವರಿಗೆ ಇದೆಲ್ಲ ತಮಾಷೆ. ಲೀಲಕ್ಕ ಅವರಿಗೆ ಹೇಳಿದ್ದು ಒಂದೇ ಮಾತು: "ಹಲಗೆಯನ್ನು ಮೇಲಕ್ಕೇ ಹಿಡಿದುಕೊಂಡಿರಿ. ಹಾರಲು ಹೊರಟಾಗ ಹಿಡಿಯುವ ಹಾಗೆ. ಕೆಳಗೆ ಬಿಡಬೇಡಿ."

ಆಮೇಲೆ ನನ್ನ ಕಿಟಕಿಗೆ ಬಗ್ಗಿ, "ಸಿಗ್ನಲ್ನಲ್ಲಿ ಹೋಗ್ತೀಯಲ್ಲ, ಹಾಗೇ ಹೋಗು" ಅಂದಳು.

ನಾನು ತುಳಿದೆ. ಹಿಂದೆ ಏನೋ ಧಡ್ ಎಂದಿತು. ಕನ್ನಡಿಯಲ್ಲಿ ನೋಡಿದರೆ ಹಲಗೆ ಕೆಳಕ್ಕೆ ಮಡಚಿಕೊಂಡು ನಿಂತಿತ್ತು. ಬರ್ಟಿಲ್ ಎರಡೂ ಕೈಯಲ್ಲಿ ಹಿಡಿಕೆ ಜಗ್ಗುತ್ತಿದ್ದರು, ಅದು ಅವರನ್ನೇ ಜಗ್ಗುತ್ತಿತ್ತು. ನಾನು ವೇಗ ಇಳಿಸುವ ತನಕ ಹಲಗೆ ಮೇಲೆ ಬರಲಿಲ್ಲ.

ಕಾರು ನಿಲ್ಲಿಸಿದೆ. ಬರ್ಟಿಲ್ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಅಂದರು.

"ಹೇಳಿದೆ" ಅಂದಳು ಲೀಲಕ್ಕ. "ಎರಡು ಸಲ ಹೇಳಿದೆ."

ಇಂಗ್ರಿಡ್ ಕಿವಿಯವರೆಗೆ ಕೆಂಪಾದರು. ಆಮೇಲೆ ಇಂಗ್ರಿಡ್, ಪಾಪ, ಮತ್ತೆ ದಾಕ್ಷಿಣ್ಯಕ್ಕೆ ಬಿದ್ದರು. ಸರಳನ್ನು ಮಾತ್ರ ಕಳಚೋಣ, ಗುಂಡು ಅಲ್ಲೇ ತೂಗಾಡಲಿ, ಜನ ನೋಡಲಿ, ಲೀಲಾಳ ಕೆಲಸವೂ ಹಾರಿದ ಹಾಗಾಗುತ್ತದೆ ಅಂದರು. ಎಲ್ಲರಿಗೂ ಒಪ್ಪಿಗೆಯಾಯಿತು. ನಿಜ ಹೇಳಬೇಕೆಂದರೆ ನನಗೂ ಆಯಿತು. ಅಷ್ಟಾದರೂ ಅವಳಿಗೆ ಸಿಗಲಿ ಅನ್ನಿಸಿತು.

ಲೀಲಕ್ಕ ಒಂದು ಕ್ಷಣ ಗುಂಡನ್ನು ನೋಡಿದಳು. ಅವಳಿಗೆ ಆಸೆಯಾಗಿತ್ತು, ನನಗೆ ಕಾಣುತ್ತಿತ್ತು.

"ಬೇಡ" ಅಂದಳು. "ಕೆಲಸವಿಲ್ಲದ ಭಾರ ಅದು. ಇಳಿಯುವಾಗ ಕುಲುಕಿದರೆ ಅವರ ಕಾಲಿಗೇ ಬಡಿಯುತ್ತದೆ. ಅದು ವಿಮಾನದಲ್ಲಿ ಇರಬಾರದು."

ಸ್ಪ್ಯಾನರ್ ತೆಗೆದುಕೊಂಡು ತಾನೇ ಬಿಚ್ಚಿದಳು. ಯಾರನ್ನೂ ಹತ್ತಿರ ಸೇರಿಸಲಿಲ್ಲ. ಸೀಸದ ಗುಂಡು, ಸರಳುಗಳು, ತಿಕ್ಕಿ ತಿಕ್ಕಿ ಹೊಳಪು ಬರಿಸಿದ ಹಿತ್ತಾಳೆಯ ಬುಷ್‌ಗಳು, ಎಲ್ಲವನ್ನೂ ಒಂದು ಹಳೇ ಕಂಬಳಿಯಲ್ಲಿ ಸುತ್ತಿ ಶೆಡ್ಡಿನ ಮೂಲೆಗಿಟ್ಟಳು. ಕಾರಿನಲ್ಲಿ ಕೂತ ಮೇಲೆ ಅಳು ಒತ್ತರಿಸಿಕೊಂಡು ಬಂತು. "ನನ್ನ ಕೈಯಾರೆ ಮಾಡಿದ್ದು ಕಣೇ. ಒಂದೇ ಒಂದ್ಸಲ ಮೇಲೆ ಹೋಗಿ ಬಂದಿದ್ರೆ ಸಾಕಿತ್ತು" ಅಂದಳು. ನನಗೂ ಅಳು ಬಂತು. ಕಾರು ಓಡಿಸಲಾಗದೆ ಬಸ್ ನಿಲ್ದಾಣದ ಹತ್ತಿರ ಇಬ್ಬರೂ ಕೂತು ಮೂಗು ಒರೆಸಿಕೊಂಡೆವು.

ಆದರೆ ಮುಂದಿನ ವಾರ ಅವಳು ಮತ್ತೆ ಶೆಡ್ಡಿನಲ್ಲಿದ್ದಳು. ಹಿಡಿಕೆಯಿಂದ ನೇರವಾಗಿ ಬಾಲಕ್ಕೆ ತಂತಿ ಎಳೆಯುವ ಕೆಲಸ ಬಾಕಿಯಿತ್ತು. ತಂತಿ ಎಳೆದವರು ಬೇರೆಯವರು. ಇವಳು ಒಂದೊಂದು ಗಂಟನ್ನೂ ಜಗ್ಗಿ ನೋಡಿ ತಪ್ಪು ಹುಡುಕಿದಳು. ಅವಳು ಚೆನ್ನಾಗಿಲ್ಲ ಅಂದರೆ ಈಗ ಎಲ್ಲರೂ ಕಾಫಿ ಲೋಟ ಕೆಳಗಿಟ್ಟು ಎದ್ದು ಬರುತ್ತಿದ್ದರು.

ಜೂನ್‌ನ ಒಂದು ಭಾನುವಾರ ಹಾರಾಟ. ಸ್ಟಾಕ್‌ಹೋಮಿನ ಕನ್ನಡ ಕೂಟದಿಂದಲೂ ಕೆಲವರು ಪುಳಿಯೋಗರೆ ಕಟ್ಟಿಕೊಂಡು ಬಂದಿದ್ದರು. ಆ ಕೂಟದ ಖಜಾಂಚಿ ರಾಮಮೂರ್ತಿ ದೊಡ್ಡ ಕ್ಯಾಮೆರಾ ತಂದಿದ್ದರು. ಲೋಲಕದ ಸುದ್ದಿ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಂಜಿನ್ ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು. ವಿಮಾನ ಹುಲ್ಲಿನ ಮೇಲೆ ಕುಲುಕುತ್ತ ಓಡಿತು. ಲೀಲಕ್ಕ ನನ್ನ ಮಣಿಕಟ್ಟು ಹಿಡಿದಳು, ಬಳೆ ಒತ್ತಿ ನೋವಾಯಿತು. ಚಕ್ರಗಳು ನೆಲ ಬಿಟ್ಟವು. ಮೂತಿ ಒಂದು ಸಲ ಎದ್ದಿತು, ಬರ್ಟಿಲ್ ತಿದ್ದಿದರು. ಇಳಿಯಿತು, ಮತ್ತೆ ತಿದ್ದಿದರು. ಗಾಳಿಗೆ ಎಡಕ್ಕೆ ವಾಲಿದಾಗ ಜನ ಹೋ ಎಂದರು. ಆ ವಯಸ್ಸಾದ ಕೈಗಳು ಒಂದು ಕ್ಷಣವೂ ಸುಮ್ಮನಿರಲಿಲ್ಲ. ಮೈದಾನದ ಆ ತುದಿಯಲ್ಲಿ ವಿಮಾನ ಎರಡು ಸಲ ಪುಟಿದು ನಿಂತಿತು. ಲೀಲಕ್ಕ ನನ್ನ ಕೈ ಬಿಟ್ಟಳು.

ರಾಮಮೂರ್ತಿ ಕ್ಯಾಮೆರಾ ಹಿಡಿದು ಓಡೋಡಿ ಬಂದರು. "ಸೂಪರ್ ಮೇಡಂ! ನೀವು ಎರಡು ವರ್ಷ ಕೆಲ್ಸ ಮಾಡಿದೀರಂತೆ, ಶಂಕರ್ ಹೇಳಿದ್ರು. ಇದ್ರಲ್ಲಿ ನೀವು ಮಾಡಿದ್ದು ಯಾವ್ ಪಾರ್ಟು? ತೋರ್ಸಿ, ಒಂದು ಫೋಟೋ ತೆಗೀತೀನಿ."

ಆ ವಿಮಾನದಲ್ಲಿ ತೋರಿಸಲು ಅವಳದು ಅಂತ ಏನೂ ಇರಲಿಲ್ಲ. ಬಾಯಿ ಹಾಕಿ ಮಾತು ಮರೆಸೋಣ ಎಂದುಕೊಂಡೆ. ಅಷ್ಟರಲ್ಲಿ ಲೀಲಕ್ಕ ಕೈಯೆತ್ತಿ ಮೈದಾನದ ಕಡೆ ತೋರಿಸಿದಳು. ಬರ್ಟಿಲ್ ಸೀಟಿನಿಂದ ಇಳಿದು, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು, ಹುಲ್ಲಿನ ಮೇಲೆ ನಿಧಾನವಾಗಿ ನಮ್ಮ ಕಡೆಗೆ ಬರುತ್ತಿದ್ದರು.

"ಅಗೋ, ನಡ್ಕೊಂಡು ಬರ್ತಾ ಇದಾರಲ್ಲ" ಅಂದಳು, "ಅವ್ರನ್ನ ತೆಗೀರಿ."