ಕಪ್ಪುರಂಧ್ರದ ಮೇಷ್ಟ್ರು

ಪಕ್ಕದ ಅಂಗಡಿಯವರು ನಿನ್ನೆ ಕಸದ ಜೊತೆ ಪ್ಲಾಸ್ಟಿಕ್ಕನ್ನೂ ಸುಟ್ಟರು. ಆ ವಾಸನೆ ನನ್ನ ಹೊಲಿಗೆ ಮೆಷಿನ್ನಿನವರೆಗೂ ಬಂದಾಗ, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ನೆನಪಾದರು...

ನ್ಯಾಮತಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರು. ಉಳಿದ ಹೊತ್ತೆಲ್ಲ ಕಪ್ಪುರಂಧ್ರದ ಲೆಕ್ಕ. ಬೆಳಕೂ ಹೊರಬರದ ಆಕಾಶದ ಆ ಗುಂಡಿಯೊಳಗೆ ಏನಿದೆಯೆಂದು ಹುಡುಕುವ ಮನುಷ್ಯನಿಗೆ ಒಲೆಯ ಮೇಲೆ ಹಾಲು ಉಕ್ಕಿದ್ದು ಕಾಣುತ್ತಿರಲಿಲ್ಲ.

ನನ್ನ ಗಂಡ ಟೆಂಪೋ ಓಡಿಸುತ್ತಿದ್ದರು. ಹೃದಯಾಘಾತದಲ್ಲಿ ಅವರು ಹೋದ ಮೇಲೆ ನನಗೆ ಉಳಿದಿದ್ದು ಫೋನಿನಲ್ಲಿದ್ದ ಅವರ ವಾಯ್ಸ್ ಮೆಸೇಜುಗಳು. ಹೊಲಿಯುತ್ತಾ ಕೇಳುತ್ತಿದ್ದೆ. ಒಂದು ಮಧ್ಯಾಹ್ನ ಚಾರ್ಜಿಗೆ ಹಾಕಿದ್ದ ಫೋನಿನ ಬ್ಯಾಟರಿ ಉಬ್ಬಿ ಹೊತ್ತಿಕೊಂಡಿತು. ಬೇರೆಲ್ಲೂ ಉಳಿಸಿರಲಿಲ್ಲ. ರಿಪೇರಿಯವನು ಆ ಕರಿಮುದ್ದೆ ನೋಡಿ ಕೈಚೆಲ್ಲಿದ.

ನನ್ನ ಅಳು ಕೇಳಿ ಮೇಷ್ಟ್ರು ಇಳಿದು ಬಂದರು. ಮೆಕ್ಕೆಜೋಳದ ಬೀಜದ ಚೀಲದಿಂದ ಕಿತ್ತ ಹೊಳೆಯುವ ಹೊಲೊಗ್ರಾಮ್ ಚೀಟಿಯನ್ನು ಓರೆ ಮಾಡಿ ತೋರಿಸಿದರು.

"ನೋಡ್ರಿ ಅಕ್ಕಾ, ಚಪ್ಪಟೆ ಹಾಳೆ, ಆದ್ರೂ ಒಳಗೆ ಆಳ ಕಾಣ್ತೈತೆ. ಕಪ್ಪುರಂಧ್ರನೂ ಹಿಂಗೇ. ಒಳಗೆ ಬಿದ್ದದ್ದೆಲ್ಲ ಅದರ ಮೈಮೇಲೆ ಬರೆದಿರ್ತೈತೆ. ಯಾವುದೂ ಅಳಿಯಲ್ಲ. ನಿಮ್ಮ ಯಜಮಾನ್ರ ದನಿನೂ ಆ ಹೊಗೆಯಾಗೆ, ಬೂದಿಯಾಗೆ ಐತೆ."

ಅವರು ಹೇಳಿದ್ದು ಸಮಾಧಾನಕ್ಕೆ. ನಾನು, ಬೂದಿಯಿಂದ ದನಿ ತೆಗೆದುಕೊಡುವ ಕೆಲಸ ಒಪ್ಪಿಕೊಂಡರು ಅಂದುಕೊಂಡೆ. ಕರಿಮುದ್ದೆಯನ್ನೂ ಬಳಿದ ಬೂದಿಯನ್ನೂ ಸ್ಟೀಲ್ ಡಬ್ಬಿಗೆ ತುಂಬಿ ಅವರಿಗೆ ಕೊಟ್ಟೆ. ರವಿಕೆ ಕೇಳಿ ಬಂದವರಿಗೆಲ್ಲ ನಾಳೆ ಬಾ ಅನ್ನುವ ನಾನೇ ಮತ್ತೆ ಮತ್ತೆ ಮೆಟ್ಟಿಲು ಹತ್ತಿ "ಆತೇನ್ರೀ ಮೇಷ್ಟ್ರೇ?" ಎಂದು ಕೇಳುತ್ತಿದ್ದೆ. "ಕಪ್ಪುರಂಧ್ರದ ಒಳಗಿರೋದಕ್ಕೂ ಹೊರಗೆ ಸೋರಿಹೋದದ್ದಕ್ಕೂ ನಡುವೆ ಸುರಂಗ ಇದ್ದಂಗೆ ಅಂತ ಈಗೀಗ ಲೆಕ್ಕ ಸಿಕ್ಕೈತೆ" ಎಂದು ಒಮ್ಮೆ ಇನ್ನಷ್ಟು ಆಸೆ ಹುಟ್ಟಿಸಿದರು. ಆಮೇಲಾಮೇಲೆ ಬಾಗಿಲು ತೆರೆಯುವುದಕ್ಕೇ ಹೆದರಿದರು, ಪಾಪ.

ಕೊನೆಗೆ ಡಬ್ಬಿ ಹಿಂದಕ್ಕೆ ಕೊಟ್ಟರು. "ಗಾಳಿಗೆ ಹೋದ ಹೊಗೆ, ಶಾಖ, ಒಂದು ಕಣನೂ ಬಿಡದಂಗೆ ಕೂಡಿಸಬೇಕು ಅಕ್ಕಾ. ಕೂಡಿಸಿದ್ರೂ ಅದನ್ನ ಓದಾಕೆ ಈ ಲೋಕದ ಆಯಸ್ಸು ಸಾಲಲ್ಲ."

"ಹಂಗಾದ್ರೆ ಇಲ್ಲ ಅಂತ ಹೇಳಿಬಿಡ್ರಿ."

"ಇಲ್ಲ ಅನ್ನಾಕೆ ಬರಲ್ಲ. ಐತೆ."

ಕನ್ನಡಿಯೊಳಗಿನ ಗಂಟು! ಇಲ್ಲ ಅಂದಿದ್ದರೆ ಅತ್ತು ಮುಗಿಸುತ್ತಿದ್ದೆ. ಇದೆ ಅಂದವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸುಳ್ಳು ಹೇಳಲು ಬಾರದ ಮನುಷ್ಯ... ಜಗಳೂರಿಗೆ ವರ್ಗವಾಗಿ ಹೋದರು. ಅಲ್ಲಿ ಜ್ವರ ಬಂದು ತೀರಿಕೊಂಡರಂತೆ. ಬೈಯುವುದಕ್ಕಾದರೂ ಇರಬೇಕಿತ್ತು.

ಈಗ ಮೆಷಿನ್ ನಿಲ್ಲಿಸಿ, ಕಣ್ಣು ಮುಚ್ಚಿ, ಗಂಡ ಕಳಿಸುತ್ತಿದ್ದ ಮಾತನ್ನು ನೆನೆಸಿಕೊಳ್ಳುತ್ತೇನೆ. "ಹೊನ್ನಾಳಿ ದಾಟೀನಿ, ಅನ್ನಕ್ಕಿಡು." ಒಂದಕ್ಷರವೂ ತಪ್ಪುವುದಿಲ್ಲ. ಆದರೆ ಕೇಳಿಸುವುದು ನನ್ನದೇ ದನಿ.