ಜಪಾನಿ ಗಾಡಿಯ ಕೊನೆಯ ಅಂಕಿ

ನಾನು ಐದನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೂ ಮರಾಠಿ ಸೀಮೆಯ ಉಮರ್ಗಾದ ಹೆದ್ದಾರಿ ಮೇಲೆ ನನ್ನ ಗ್ಯಾರೇಜನ್ನು ಅರಿಯದವರಿಲ್ಲ. ನಾನು ಬಣ್ಣ ಹೊಡೆದ ಗಾಡಿಯಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು ಎಂದು ಹತ್ತು ಜನರ ಮುಂದೆ ಹೇಳಿಕೊಂಡು ತಿರುಗಿದವನು. ಆ ಬಣ್ಣವೇ ಒಮ್ಮೆ ನನ್ನ ಮೀಸೆ ಮಣ್ಣಾಗಿಸಿತು.

ನಮ್ಮ ಕಡೆ ದೊಡ್ಡ ಭೂಕಂಪವಾದ ಮರುವರ್ಷ ಜಪಾನಿನಿಂದ ತರಿಸಿದ ಒಂದು ಕೆಂಪು ಗಾಡಿ ತುರೋರಿಯ ಹತ್ತಿರ ಕಲ್ಲಿನ ರಾಶಿಗೆ ಬಡಿದು ನನ್ನಲ್ಲಿಗೆ ಬಂತು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ, ಓಟಕ್ಕೆಂದೇ ಹುಟ್ಟಿದ ಗಾಡಿ. ಬಿಡಿಭಾಗಗಳು ಎಲ್ಲಿಯೂ ಸಿಗಲಿಲ್ಲ. ಹೈದರಾಬಾದಿನ ಮಾಲೀಕ ಕಾದು ಬೇಸತ್ತು, ಕಾಗದಪತ್ರಗಳನ್ನು ನನ್ನ ಹೆಸರಿಗೆ ಮಾಡಿಕೊಟ್ಟು ಕೈತೊಳೆದುಕೊಂಡ. ನಾನು ಬಿಡಲಿಲ್ಲ. ಜೀಪು, ಟ್ರ್ಯಾಕ್ಟರುಗಳ ಕೆಲಸ ಮುಗಿದ ಮೇಲೆ ಅದರ ಮುಂದೆ ಕೂರುತ್ತಿದ್ದೆ. ಒಂದೊಂದೇ ಭಾಗವನ್ನು ಲೇತಿನ ಮೇಲೆ ಕಡೆಸಿ, ಎಷ್ಟೋ ವರ್ಷಕ್ಕೆ ಅದನ್ನು ಓಡಿಸಿದೆ. ಹಳೆಯ ಗಾಡಿಗಳನ್ನು ಕೂಡಿಡುವ ಪುಣೆಯ ಗೃಹಸ್ಥರೊಬ್ಬರು ಮೂರು ಸಲ ಬಂದು ಕೇಳಿದರು. ಮೂರು ಸಲವೂ ಚಹಾ ಕುಡಿಸಿ ಕಳಿಸಿದೆ.

ಕೊನೆಗೆ ಕೊಟ್ಟದ್ದು ಉದಗೀರದ ಕಿವುಡ ಮಕ್ಕಳ ಶಾಲೆಗೆ. ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅಲ್ಲಿಯೇ ಕಲಿತು ಅಲ್ಲಿಯೇ ಕಲಿಸುವವಳಾದಳು. ಜಳಕೋಟದ ಕಡೆಯ ಹಳ್ಳಿಗಳ ಹುಡುಗಿಯರು ಉಳಿಯಲು ಜಾಗವಿಲ್ಲದೆ ಶಾಲೆ ಬಿಡುತ್ತಾರೆಂದು ಕೈಸನ್ನೆಯಲ್ಲಿ ಎಷ್ಟು ಸಲ ಹೇಳಿದ್ದಳೋ. ಶಾಲೆ ಬಿಟ್ಟವನಿಗೆ ಅದು ಚುಚ್ಚುತ್ತದೆ. ಶಾಲೆಯ ಒಂದು ಸಮಾರಂಭದಲ್ಲಿ ಎದ್ದು ನಿಂತು, ಗಾಡಿಯನ್ನು ಪುಣೆಯವರಿಗೆ ಮಾರಿ ವಸತಿಗೃಹ ಕಟ್ಟಿಸಿರಿ ಎಂದು ಹೆಡ್ ಮೇಡಂ ಕೈಗೆ ಕೀಲಿಕೈ ಕೊಟ್ಟೆ. ಮಕ್ಕಳೆಲ್ಲ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಅವರ ಚಪ್ಪಾಳೆ ಅದು. ನನ್ನ ಮಾತಿನ ಮೇಲೆ ವಾರದೊಳಗೆ ಪಾಯ ತೋಡಿದರು.

ಗಾಡಿ ಇನ್ನೂ ನನ್ನ ಗ್ಯಾರೇಜಿನಲ್ಲಿತ್ತು. ಮೇಡಂ ಫೋನು ಮಾಡಿದರು. “ಕಾಕಾ, ಗಾಡಿ ಸಾಲಿ ಹೆಸರಿಗಿ ಮಾಡ್ಲಿಕ್ಕ ಆರ್‌ಟಿಒದಾಗ ಚಾಸಿ ನಂಬರಿನ ಪೆನ್ಸಿಲ್ ಛಾಪ ಬೇಕಂತರೀ. ತಗೊಂಡು ಕಳಸ್ರಿ.”

ಚಾಸಿ ನಂಬರೆಂದರೆ ಕಂಪನಿಯವರೇ ತಗಡಿನಲ್ಲಿ ಒತ್ತಿದ ಅಂಕಿಗಳು. ಕಾಗದವಿಟ್ಟು ಮೇಲೆ ಪೆನ್ಸಿಲು ತೀಡಿದರೆ ಮೂಡುತ್ತವೆ. ಫೋನು ಕಿವಿಗಿಟ್ಟುಕೊಂಡೇ ಬಾನೆಟ್ ಎತ್ತಿದೆ. ಇಂಜಿನ್ನಿನ ಹಿಂದಿನ ತಗಡು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಅಂಕಿಯೂ ಇಲ್ಲ.

ಅಲ್ಲಿ ತುಕ್ಕು ಹಿಡಿದಿತ್ತು, ಗ್ರೈಂಡರಿನಿಂದ ತೀಡಿದ್ದೆ, ಮೇಲೆ ಗುಳಿ ಮುಚ್ಚುವ ಪುಟ್ಟಿ ಬಳಿದು ಬಣ್ಣ ಹೊಡೆದಿದ್ದೆ. ಇಷ್ಟು ನೆನಪಿತ್ತು. ಎಷ್ಟು ಆಳ ತೀಡಿದ್ದೆನೆಂಬುದು ನೆನಪಿರಲಿಲ್ಲ. ಬಣ್ಣ ಕೆರೆದು ನೋಡಬಹುದಿತ್ತು. ಕೆರೆದರೆ, ಇಲ್ಲವೆಂದು ಗೊತ್ತಾಗಿಬಿಟ್ಟರೆ? ಬಾನೆಟ್ ಮುಚ್ಚಿದೆ. ಮೇಡಂಗೆ ನಾಳೆ ಎಂದೆ. ಆ ನಾಳೆ ಎಂಟು ದಿನವಾಯಿತು.

ತಾಟು ಸರಿಸಿ ಏಳುತ್ತಿದ್ದವನನ್ನು ನೋಡಿ ಹೆಂಡತಿ ಕೇಳಿದಳು: “ಯಾಕ, ಗಾಡಿ ಕೊಟ್ಟಿದ್ದಕ್ಕ ಹೊಟ್ಟಿ ಉರಿಲಾಕ ಹತ್ತ್ಯದೇನು?”

“ನಿನಗ್ಯಾಕ ಬೇಕು ಅದು.”

“ನನಗ್ಯಾಕ ಬೇಕು? ರೊಟ್ಟಿ ಬಡದಾಕಿ ನಾ ಇದ್ದೀನಿ.”

ಒಂಬತ್ತನೇ ದಿನ ಗಾಡಿ ತೆಗೆದುಕೊಂಡು ಉದಗೀರಕ್ಕೆ ಹೊರಟೆ. ದಾರಿಯಲ್ಲಿ ನಿಲಂಗಾದಲ್ಲಿ ಗಾಡಿಗಳ ಕಾಗದದ ಕೆಲಸ ಮಾಡುವ ಪರಿಚಯದವನೊಬ್ಬನಿದ್ದ. ಬೇರೆ ಯಾರದೋ ಗಾಡಿಯ ಮಾತೆಂಬಂತೆ ಕೇಳಿದೆ. ಅವನು ನಕ್ಕ.

“ಮಿಸ್ತ್ರಿ, ನಂಬರ ಇಲ್ದಿದ್ರ ಅದು ಗಾಡಿ ಅಲ್ಲರೀ, ಬರೇ ತಗಡಿನ ಪತ್ರಾ. ನಿಮ್ಮ ಬಲ್ಲಿ ಪಂಚ್ ಇಲ್ಲೇನು? ಆರ್‌ಸಿ ಪುಸ್ತಕದಾಗಿನ ನಂಬರ ನೋಡಿ ಹೊಡದ ಬಿಡ್ರಿ. ಯಾವ ಮಗ ನೋಡ್ಲಿಕ್ಕ ಬರ್ತಾನ?”

ಪಂಚ್ ನನ್ನಲ್ಲಿತ್ತು. ತುದಿಯಲ್ಲಿ ಅಂಕಿ ಕೊರೆದ ಉಕ್ಕಿನ ಚಿಕ್ಕ ಕಡ್ಡಿಗಳು. ಇಂಜಿನ್ ಬಿಚ್ಚುವಾಗ ಭಾಗಗಳ ಮೇಲೆ ಒಂದು, ಎರಡು, ಮೂರು ಎಂದು ಹೊಡೆದಿಟ್ಟರೆ ಜೋಡಿಸುವಾಗ ಅದಲುಬದಲಾಗುವುದಿಲ್ಲ. ಆ ಡಬ್ಬಿ ಸೀಟಿನ ಹಿಂದೆಯೇ ಇತ್ತು. ಹೊರಡುವಾಗ ಅದನ್ನು ಯಾಕೆ ಇಟ್ಟುಕೊಂಡೆನೆಂದು ನನ್ನನ್ನೇ ನಾನು ಕೇಳಿಕೊಂಡಿರಲಿಲ್ಲ.

ಊರು ದಾಟಿ ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಬಾನೆಟ್ ಎತ್ತಿ, ಮೊದಲ ಅಂಕಿಯ ಪಂಚನ್ನು ಆ ನುಣುಪಿನ ಮೇಲೆ ಇಟ್ಟೆ. ಸುತ್ತಿಗೆ ಎತ್ತಿದಾಗ ಎಮ್ಮೆ ಹೊಡೆದುಕೊಂಡು ಬಂದ ಮುದುಕನೊಬ್ಬ ನಿಂತ.

“ಕೆಟ್ಟದೇನ್ರೀ ಗಾಡಿ?”

“ಇಲ್ಲ, ಛಲೋ ಅದ.”

“ಛಲೋ ಇದ್ದಿದ್ದಕ್ಕ ಯಾಕ ಬಡೀತೀರಿ?” ಎಂದು ಎಮ್ಮೆಯ ಹಿಂದೆ ಹೋದ.

ಸುತ್ತಿಗೆ ಕೆಳಗಿಳಿಸಿದೆ. ಮುಂದೆ ಯಾವತ್ತಾದರೂ ಕಳ್ಳ ನಂಬರು ಸಿಕ್ಕಿಬಿದ್ದರೆ ಪೊಲೀಸರು ಬರುವುದು ಶಾಲೆಗೆ. ಅಲ್ಲಿ ನನ್ನ ಮಗಳು ಪಾಠ ಮಾಡುತ್ತಿರುತ್ತಾಳೆ. ಪಂಚನ್ನು ಡಬ್ಬಿಗೆ ಹಾಕಿದೆ.

ಉದಗೀರದ ಶಾಲೆಯ ಅಂಗಳದಲ್ಲಿ, ತೋಡಿದ ಪಾಯದ ಪಕ್ಕದಲ್ಲೇ ನಿಂತು ಮೇಡಂಗೆ ಎಲ್ಲ ಹೇಳಿದೆ. ಮಗಳಿಗೆ ಸನ್ನೆಯಲ್ಲಿ ಹೇಳಿದೆ: ನಂಬರು, ನಾನೇ, ಅಳಿಸಿದೆ. ಅವಳು ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಕೈಯಲ್ಲಿಟ್ಟಳು.

ಮೇಡಂ ಕರೆಸಿದ ಆರ್‌ಟಿಒ ಸಾಹೇಬರ ಎದುರಿಗೆ ಮರಳುಕಾಗದ ಹಿಡಿದು ನನ್ನ ಬಣ್ಣವನ್ನು ನಾನೇ ಕೆರೆದೆ. ಕೆಂಪು ಹೋಯಿತು, ಪುಟ್ಟಿ ಹೋಯಿತು, ಬೂದು ತಗಡು ಬಂತು. ಅದರಲ್ಲಿ ಒಂದು ಅಂಕಿಯ ಬೆನ್ನು ಕಂಡಿತು. ಆಮೇಲೆ ಮತ್ತೊಂದು. ಕೊನೆಯದೊಂದು ಬಿಟ್ಟು ಎಲ್ಲ ಇದ್ದವು. ಅದರ ಜಾಗದಲ್ಲಿ ನನ್ನ ಗ್ರೈಂಡರಿನ ಗೀರುಗಳಷ್ಟೇ ಇದ್ದವು.

ಸಾಹೇಬರು ಛಾಪು ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಹೈದರಾಬಾದಿನವನಿಂದ ನನ್ನ ಹೆಸರಿಗೆ ಬಂದಾಗಿನ ಹಳೆಯ ಛಾಪಿನ ಜೊತೆ ತಾಳೆ ನೋಡಬೇಕು, ಅರ್ಜಿ ಕೊಡಿ ಎಂದು ಮರಾಠಿಯಲ್ಲಿ ಹೇಳಿದರು. ಹೋಗುವಾಗ, ನೀವಾಗಿಯೇ ನಂಬರು ಹೊಡೆದಿದ್ದರೆ ನಾನು ಗಾಡಿಯನ್ನೇ ಜಪ್ತಿ ಮಾಡಿ ಒಯ್ಯುತ್ತಿದ್ದೆ ಎಂದರು. ನನ್ನ ಕಣ್ಣು ಸೀಟಿನ ಹಿಂದಿನ ಡಬ್ಬಿಯ ಕಡೆ ಹೋಯಿತು.

ಅರ್ಜಿ ಕೊಟ್ಟು ಕಾಯುವ ದಿನಗಳಲ್ಲಿ ಪಾಯದ ಕೆಲಸ ನಿಂತಿತ್ತು. ಪುಣೆಯವರು ಎರಡು ಸಲ ಫೋನು ಮಾಡಿ, ಕಾಗದ ಸರಿಯಾದರೆ ಮಾತ್ರ ಎಂದರು. ಕೊನೆಗೊಂದು ದಿನ ಆದೇಶ ಬಂತು: ಹಳೆಯ ಛಾಪು ತಾಳೆಯಾಗಿದೆ, ಅಳಿಸಿದ ಕೊನೆಯ ಅಂಕಿ ಏಳನ್ನು ಅಧಿಕಾರಿಯ ಎದುರಿಗೆ ಮತ್ತೆ ಒತ್ತಬೇಕು.

“ಯಾರ್ ಹೊಡೀತೀರಿ?” ಮೇಡಂ ನನ್ನನ್ನೇ ನೋಡಿ ಕೇಳಿದರು.

ಅದೇ ಡಬ್ಬಿ ತೆರೆದೆ. ಏಳರ ಪಂಚು. ಇದಕ್ಕೆ ಒಂದೇ ಏಟು. ಎರಡನೆಯದು ಬಿದ್ದರೆ ಅಂಕಿ ಎರಡಾಗಿ ಕಾಣುತ್ತದೆ, ಛಾಪು ನಡೆಯುವುದಿಲ್ಲ. ಪಂಚನ್ನು ಜಾಗಕ್ಕಿಟ್ಟು ಸುತ್ತಿಗೆ ಎತ್ತಿದೆ. ಮಗಳು ಗಾಡಿಯ ಮಡ್‌ಗಾರ್ಡಿನ ಮೇಲೆ ಅಂಗೈ ಊರಿ ನಿಂತಿದ್ದಳು. ಚಿಕ್ಕವಳಿದ್ದಾಗಿನಿಂದ ಗ್ಯಾರೇಜಿನಲ್ಲಿ ಹಾಗೆಯೇ ಅವಳು ಇಂಜಿನ್ ಕೇಳುತ್ತಿದ್ದುದು. ಹೊಡೆದೆ. ಏಟು ಅಂಗೈಗೆ ಮುಟ್ಟಿದೊಡನೆ ಅವಳು ತಲೆಯಾಡಿಸಿದಳು. ನಾನು ಮಾತ್ರ ಪಂಚನ್ನು ಒತ್ತಿ ಹಿಡಿದೇ ಇದ್ದೆ, ಎತ್ತಿ ನೋಡುವ ಧೈರ್ಯವಾಗಲಿಲ್ಲ.

ಅವಳೇ ನನ್ನ ಬೆರಳು ಬಿಡಿಸಿ, ಕಾಗದವಿಟ್ಟು ಪೆನ್ಸಿಲು ತೀಡಿದಳು. ಏಳು ಮೂಡಿತು, ಸ್ವಲ್ಪ ಎಡಕ್ಕೆ ವಾಲಿಕೊಂಡು. ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗೆ ಸಹಿ ಹಾಕಿದರು.