ಮಲ್ಲಾಜಮ್ಮ ಹಿಂದಕ್ಕೆ ಕಳಿಸದ ಕಾಗದಗಳು

ಮಲ್ಲಾಜಮ್ಮ ಯಾರಿಗೂ ಸೊಪ್ಪು ಹಾಕುವ ಹೆಂಗಸಲ್ಲ. ನಂಜನಗೂಡಿನಿಂದ ತಾಂಡ್ಯದ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರು. ಅಲ್ಲಿನ ಅಂಚೆ ಕಚೇರಿ ಎಂದರೆ ಅವಳ ಮನೆಯ ಮುಂದಿನ ಕೋಣೆ. ಕಾಗದಕ್ಕೆ ಮುದ್ರೆ ಒತ್ತುವವಳೂ ಅವಳೇ, ಮೊಪೆಡ್ಡಿನಲ್ಲಿ ಮನೆಮನೆಗೆ ಮುಟ್ಟಿಸುವವಳೂ ಅವಳೇ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದ ಮೇಷ್ಟ್ರು, ಊರೆಲ್ಲ ನಮಸ್ಕಾರ ಹಾಕುತ್ತದೆ. ಅವಳು ಮಾತ್ರ ನನ್ನ ಪಿಂಚಣಿ ಪತ್ರವನ್ನು ಹೆಂಡತಿಯ ಕೈಗೆ ಕೊಡಲೊಪ್ಪದೆ, ನಾನು ಸ್ನಾನ ಮುಗಿಸಿ ಬರುವವರೆಗೆ ಜಗಲಿಯ ಮೇಲೆ ಕೂತಿದ್ದಳು.

ಮೂರು ವರ್ಷದ ಹಿಂದೆ ಒಂದು ಸೋಮವಾರ ಅವಳ ಚೀಲಕ್ಕೆ ಮೂವತ್ಮೂರು ರಿಜಿಸ್ಟರ್ಡ್ ಲಕೋಟೆಗಳು ಬಂದವು. ಅದರಲ್ಲೊಂದು ಅವಳ ಹೆಸರಿಗೇ ಇತ್ತು. ಸೈನ್ ಹಾಕಿ ಒಡೆದು ಓದಿದಳು, ಊರಿಗೆ ವಿಷಯ ತಿಳಿದದ್ದು ಹಾಗೆ. ಹೊಳೆಯ ಬದಿಯ ನಮ್ಮ ಗದ್ದೆಗಳು ಕಾರ್ಖಾನೆಗಳಿಗೆ ಬೇಕಂತೆ. ತಕರಾರಿದ್ದರೆ ಮೂವತ್ತು ದಿನದೊಳಗೆ ಬರೆದು ತಿಳಿಸಬೇಕಂತೆ.

ಅಂದು ಸಂಜೆ ಪುಟ್ಟಬಸವಯ್ಯ ಚಾವಡಿಯಲ್ಲಿ ಜನ ಸೇರಿಸಿದ. ಪಂಚಾಯ್ತಿ ಅಧ್ಯಕ್ಷನಾಗಿದ್ದವನು, ಗಟ್ಟಿ ಗಂಟಲು. ಕಾಗದ ಕೈಗೆ ತಗೊಂಡರೆ ತಾನೆ ಕಾನೂನು ತಟ್ಟುವುದು, ಅಂಚೆಯವಳು ಬಂದಾಗ ಬಾಗಿಲು ಹಾಕಿಕೊಳ್ಳಿ ಎಂದ. ಎಲ್ಲರೂ ಹೂಂ ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಎಂದೆ. ಮಲ್ಲಾಜಮ್ಮ ಎದ್ದು ನಿಂತು, ಏಳು ದಿನ ಲಕೋಟೆ ನನ್ನ ಹತ್ತಿರ ಇರುತ್ತದೆ, ಆಮೇಲೆ ವಾಪಸ್ ಹೋಗುತ್ತದೆ, ಅವರು ನೋಟಿಸನ್ನು ಗೋಡೆಗೆ ಅಂಟಿಸಿ ಗಡುವು ಶುರು ಮಾಡುತ್ತಾರೆ, ನಿಮ್ಮ ತಕರಾರು ಮಾತ್ರ ಎಲ್ಲೂ ಇರುವುದಿಲ್ಲ ಎಂದಳು. ಸರ್ಕಾರದ ಸಂಬಳ ತಿನ್ನುವವಳು ಇನ್ನೇನು ಹೇಳುತ್ತಾಳೆ ಎಂದು ಅವಳ ಬಾಯಿ ಮುಚ್ಚಿಸಿದರು.

ಮಾರನೆಯ ದಿನ ಮೊಪೆಡ್ಡಿನ ಸದ್ದಿಗೆ ಬೀದಿಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಅವಳು ಒಂದೊಂದು ಬಾಗಿಲಿನ ಸಂದಿಯಲ್ಲೂ ಲಕೋಟೆ ಬಂದಿದೆ ಎಂಬ ಚೀಟಿ ತೂರಿಸಿ ಹೋದಳು. ಮರುದಿನವೂ ಬಂದಳು, ಅದರ ಮರುದಿನವೂ.

ನಾಲ್ಕನೆಯ ದಿನ ಹಿತ್ತಲಲ್ಲಿ ಅವಳ ಕೈಗೆ ಸಿಕ್ಕಿಬಿದ್ದೆ. ಮಾನ ಉಳಿಸಿಕೊಳ್ಳಲು ಪಾಠ ಶುರು ಮಾಡಿದೆ. ಎರಡೂವರೆ ಸಾವಿರ ವರ್ಷದ ಹಿಂದೆ ಪರ್ಷಿಯಾದ ರಾಜರಿಗೆ ಅಂಚೆ ಸವಾರರಿದ್ದರು. ದಾರಿಯುದ್ದಕ್ಕೂ ಠಾಣ್ಯಗಳು, ಪ್ರತಿ ಠಾಣ್ಯದಲ್ಲೂ ಹೊಸ ಕುದುರೆ, ಹೊಸ ಸವಾರ. ರಾಜಧಾನಿ ಸೂಸಾದಿಂದ ದೂರದ ಸಾರ್ಡಿಸ್ ಪಟ್ಟಣಕ್ಕೆ ನಡೆದರೆ ಮೂರು ತಿಂಗಳು, ಅವರ ಕೈಯಲ್ಲಿ ಕಾಗದ ಒಂದು ವಾರ ಹತ್ತು ದಿನದಲ್ಲಿ ಮುಟ್ಟುತ್ತಿತ್ತು. ಬಿಸಿಲು ಮಳೆ ಯಾವುದಕ್ಕೂ ನಿಲ್ಲುತ್ತಿರಲಿಲ್ಲ. ನೀನೂ ಅದೇ ಜಾತಿಯ ರಾಜನ ಆಳು, ನಮ್ಮ ಕಷ್ಟ ನಿನಗೆಲ್ಲಿ ತಿಳಿಯಬೇಕು ಎಂದು ಚುಚ್ಚಿದೆ.

ಜನ ರಾಜನಿಗೆ ಬರೆದರೆ ಅದೂ ಅಷ್ಟೇ ಬೇಗ ಹೋಗುತ್ತಿತ್ತೇ ಎಂದು ಕೇಳಿದಳು. ಅದು ರಾಜನ ಕೆಲಸಕ್ಕೆಂದೇ ಇದ್ದ ಅಂಚೆ, ನಮ್ಮಂಥವರಿಗಲ್ಲ ಎಂದೆ.

"ಅಂಗಾರೆ ಅವರ್ಗೂ ನಂಗೂ ಏನ್ ಸಂಬಂದ ಮೇಷ್ಟ್ರೇ? ನನ್ ಚೀಲ ಎರಡ್ ಕಡೀಕೂ ಓಯ್ತದೆ. ಅವರು ಕಳ್ಸಿರೋದ ನೀವು ಇಸ್ಕಂಡ್ರೆ ತಾನೆ, ನೀವು ಬರಿಯೋದ ನಾನು ಒಯ್ಯೋದು?"

ಮೂವತ್ತು ವರ್ಷ ಪಾಠ ಮಾಡಿದ ನನಗೇ ಅವಳು ಪಾಠ ಹೇಳಿದ್ದಳು. ಅವಮಾನವಾಯಿತು. ಸೈನ್ ಹಾಕಿದೆ.

ಮೇಷ್ಟ್ರೇ ತಗೊಂಡರಂತೆ ಎಂಬ ಸುದ್ದಿ ಹಬ್ಬಿದ ಮೇಲೆ ಒಬ್ಬೊಬ್ಬರೇ ಬಂದರು. ಅವಳ ಜಗಲಿಯ ಮೇಲೆ ಕೂತು, ಅವಳದೂ ಸೇರಿ ಎಲ್ಲರ ತಕರಾರನ್ನೂ ನಾನೇ ಬರೆದುಕೊಟ್ಟೆ. ಏಳನೆಯ ದಿನದ ಮಧ್ಯಾಹ್ನಕ್ಕೆ ಒಂದೇ ಲಕೋಟೆ ಉಳಿದಿತ್ತು, ಪುಟ್ಟಬಸವಯ್ಯನದು.

ಅವನೂ ಬಂದ. ಕೈಯಲ್ಲೊಂದು ಕವರು, ಕಣ್ಣು ಕೆಂಪಗೆ. "ಊರ ಒಗ್ಗಟ್ಟು ಮುರಿದೆ ಅಂತ ನಿನ್ ಮೇಲೇ ಬರ್ದಿವ್ನಿ. ನಂಜನಗೂಡ್ನಲ್ಲಿರೋ ನಿನ್ ಸಾಹೇಬ್ರಿಗೆ. ಕಳಿಸ್ತೀಯಾ?"

ಮಲ್ಲಾಜಮ್ಮ ಕವರನ್ನು ತಕ್ಕಡಿಗೆ ಹಾಕಿದಳು. ತೂಕ ಬರೆದಳು, ರಿಜಿಸ್ಟರ್ಡ್ ಚೀಟಿ ಅಂಟಿಸಿದಳು, ಮುದ್ರೆ ಒತ್ತಿ ರಸೀತಿ ಹರಿದುಕೊಟ್ಟಳು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಆಮೇಲೆ ಅವನ ನೋಟಿಸನ್ನು ಮುಂದಿಟ್ಟು, ಇವತ್ತು ಕೊನೆಯ ದಿನ ಎಂದಳು.

ಪುಟ್ಟಬಸವಯ್ಯ ರಸೀತಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಸೈನ್ ಹಾಕಲು ಪೆನ್ನು ಕೇಳಿದ. ಅವನ ಎರಡೆಕರೆಯ ತಕರಾರನ್ನೂ ನಾನು ಬರೆದೆ. ಅದಕ್ಕೂ ಮುದ್ರೆ ಬಿದ್ದ ಮೇಲೆ, ಅವನು ತಗ್ಗಿದ ದನಿಯಲ್ಲಿ ಆ ಮೊದಲನೆಯ ಕವರನ್ನು ವಾಪಸ್ ಕೊಟ್ಟುಬಿಡು ಎಂದ.

"ಬುಕ್ ಆಗೋಯ್ತಲ್ಲ ಬಸವಯ್ಯನೋರೆ. ಇನ್ನ ಅದು ನಿಮ್ದಲ್ಲ, ನಮ್ ಸಾಹೇಬ್ರುದು."

ಮೂವತ್ಮೂರು ತಕರಾರುಗಳ ಮೇಲೆ ತನ್ನ ಮೇಲಿನ ದೂರನ್ನೂ ಇಟ್ಟು, ಚೀಲದ ಬಾಯಿ ಕಟ್ಟಿ, ನಂಜನಗೂಡಿನ ಬಸ್ಸಿಗೆ ಕೈ ಅಡ್ಡ ಹಾಕಿದಳು.